ನಾವು ನಿಲ್ಲಿಸಿದ ಮದುವೆ ಪಕ್ಕದ ಜಿಲ್ಲೆಗೆ ಹೋಯಿತು

ಜೂನ್ 2023. ಶಕ್ತಿ ಯೋಜನೆ ಶುರುವಾಗಿ ಇನ್ನೂ ಹತ್ತು ದಿನ ಆಗಿತ್ತೋ ಇಲ್ಲವೋ. ತಾವರಗೇರಾದಿಂದ ಮುದಗಲ್ ಕಡೆ ಹೋಗುವ ಬಸ್ಸಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಕಂಡಕ್ಟರ್ ಒಬ್ಬೊಬ್ಬರ ಆಧಾರ್ ನೋಡಿ ಶೂನ್ಯ ಟಿಕೆಟ್ ಕೊಡುತ್ತಿದ್ದ. ನನ್ನ ಪಕ್ಕದಲ್ಲಿ ಕಂಬಿ ಹಿಡಿದು ನಿಂತ ಹುಡುಗಿಯ ಕೈತುಂಬ ಹಸಿರು ಬಳೆ. ಕೊರಳಲ್ಲಿ ತಾಳಿ. ಅರಿಶಿನದ ದಾರದ ಬಣ್ಣ ಇನ್ನೂ ಮಾಸಿರಲಿಲ್ಲ.

ಮುಖ ನೋಡಿದೆ. ಏಪ್ರಿಲ್‌ನಲ್ಲಿ, ಬಸವ ಜಯಂತಿಗೆ ನಾಲ್ಕು ದಿನ ಇರುವಾಗ, ಇದೇ ಹುಡುಗಿಯ ಮದುವೆಯನ್ನು ನಾವು ನಿಲ್ಲಿಸಿದ್ದೆವು.

"ಯಾವಾಗ ಆತವ್ವ?" ಎಂದೆ.

"ಹದಿನೈದು ದಿನ ಆತ್ರಿ."

"ಎಲ್ಲಿ?"

ಅವಳು ಕಿಟಕಿಯ ಕಡೆ ಗದ್ದ ಎತ್ತಿ ತೋರಿಸಿದಳು. "ಆಕಡಿ ಗುಡಿಯಾಗ್ರಿ."

ಆಕಡೆ ಅಂದರೆ ನಮ್ಮೂರಿಂದ ಒಂಬತ್ತು ಕಿಲೋಮೀಟರ್. ನಡುವೆ ಒಂದು ಹಳ್ಳ. ಹಳ್ಳದ ಈಚೆ ಕೊಪ್ಪಳ ಜಿಲ್ಲೆ, ಕುಷ್ಟಗಿ ತಾಲ್ಲೂಕು. ಆಚೆ ರಾಯಚೂರು ಜಿಲ್ಲೆ, ಲಿಂಗಸುಗೂರು ತಾಲ್ಲೂಕು. 1998ರಲ್ಲಿ ಕೊಪ್ಪಳ ಬೇರೆ ಜಿಲ್ಲೆ ಆಗುವ ತನಕ ನಾವೆಲ್ಲ ರಾಯಚೂರಿನವರೇ. ಈಗಲೂ ಹೆಣ್ಣು ಕೊಡುವುದು, ತರುವುದು ಆ ಕಡೆಯಿಂದಲೇ. ಕಂಡಕ್ಟರ್ ಅವಳ ಆಧಾರ್ ನೋಡುವಾಗ ನಾನೂ ಬಗ್ಗಿ ನೋಡಿದೆ. ಅದರ ಪ್ರಕಾರ ಅವಳಿಗೆ ಹತ್ತೊಂಬತ್ತು. ಶಾಲೆಯ ದಾಖಲಾತಿ ಪುಸ್ತಕವನ್ನು ಏಪ್ರಿಲ್‌ನಲ್ಲಿ ನಾನೇ ನೋಡಿದ್ದೆ. ಅದರಲ್ಲಿ ಹದಿನೈದು.

ನಾನು ಡಿಸೆಂಬರ್ 2020ರ ಚುನಾವಣೆಯಲ್ಲಿ ಗ್ರಾಮ ಪಂಚಾಯ್ತಿಗೆ ಗೆದ್ದವಳು. ಸೀಟು ಮಹಿಳೆಗೆ ಬಂತು, ಮನೆಯವರು ನಿಲ್ಲಿಸಿದರು, ಗೆದ್ದೆ. ಮೊದಲ ವರ್ಷ ನನ್ನ ಯಜಮಾನರೇ ಸಭೆಗೆ ಹೋಗುತ್ತಿದ್ದರು. ನಡಾವಳಿ ಪುಸ್ತಕ ಮನೆಗೆ ಬರುತ್ತಿತ್ತು, ರೊಟ್ಟಿ ಬಡಿಯುವ ಕೈ ಒರೆಸಿಕೊಂಡು ಸಹಿ ಹಾಕುತ್ತಿದ್ದೆ. ಯಾವುದಕ್ಕೆ ಅಂತ ಓದುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಮುಂದೆ ಬೇರೆಯವರ ಗಂಡಂದಿರ ಬಗ್ಗೆ ಹೇಳುವುದಿದೆ.

ಬಸ್ಸಿನಿಂದ ಇಳಿದವಳೇ ಪಂಚಾಯ್ತಿಗೆ ಹೋಗಿ ಅಭಿವೃದ್ಧಿ ಅಧಿಕಾರಿಗೆ, ಅಂದರೆ ಪಿಡಿಒಗೆ ಹೇಳಿದೆ. ಅವರಿಗೂ ಬೇಜಾರಾಯಿತು. ಆದರೆ ಬಂದ ಮಾತು ಇದು: "ಅದು ನಮ್ಮ ವ್ಯಾಪ್ತಿ ಅಲ್ರಿ ಮೇಡಂ. ಜಿಲ್ಲಾನೇ ಬ್ಯಾರೆ ಆಗ್ತದ." ಕಾನೂನು ಹಳ್ಳದ ಎರಡೂ ಕಡೆ ಒಂದೇ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ 2016ರಲ್ಲಿ ತಿದ್ದುಪಡಿ ತಂದ ಮೇಲೆ ಇಡೀ ರಾಜ್ಯದಲ್ಲಿ ಇಂಥ ಮದುವೆ ಆದರೂ ಆಗದ ಲೆಕ್ಕವೇ. ಬೇರೆ ಇರುವುದು ಫೋನ್ ನಂಬರ್ ಮಾತ್ರ. ಆ ಕಡೆಯ ಪಂಚಾಯ್ತಿಯ ಒಬ್ಬ ಸದಸ್ಯೆಯ ನಂಬರೂ ನನ್ನ ಹತ್ತಿರ ಇರಲಿಲ್ಲ. ಆ ಹುಡುಗಿಯ ಅಪ್ಪನ ಹತ್ತಿರ ಮಾತ್ರ ಆ ಕಡೆ ಬೇಕಾದಷ್ಟು ಮಂದಿಯ ನಂಬರ್ ಇತ್ತು.

ಆಗಸ್ಟ್‌ನಲ್ಲಿ ಎರಡನೇ ಅವಧಿಗೆ ನಾನು ಅಧ್ಯಕ್ಷೆ ಆದೆ. ಅಕ್ಟೋಬರ್‌ನಲ್ಲಿ ಕೊಪ್ಪಳದಲ್ಲಿ ಎರಡು ದಿನದ ತರಬೇತಿ. ಇಂಥ ತರಬೇತಿಗಳ ಬಗ್ಗೆ ನನಗೆ ದೊಡ್ಡ ನಿರೀಕ್ಷೆ ಇರುವುದಿಲ್ಲ. ಊಟ ಚೆನ್ನಾಗಿರುತ್ತದೆ, ಒಂದು ಬ್ಯಾಗು ಕೊಡುತ್ತಾರೆ. ಆದರೆ ಈ ಸಲ ಧಾರವಾಡದ ಕಡೆಯಿಂದ ಬಂದ ಮೇಡಂ ಗೋಡೆಯ ಮೇಲೆ ಒಂದು ಫೋಟೊ ತೋರಿಸಿದರು. ಮೂವರು ಹೆಂಗಸರು ಒಬ್ಬರನ್ನೊಬ್ಬರು ಹಿಡಿದುಕೊಂಡು ನಗುತ್ತಿದ್ದಾರೆ. ಮಾರ್ಚ್ 2010ರದ್ದು. ರಾಜ್ಯಸಭೆಯಲ್ಲಿ ಮಹಿಳಾ ಮೀಸಲಾತಿ ಮಸೂದೆ ಪಾಸಾದ ದಿನ. ಒಬ್ಬರು ಸುಷ್ಮಾ ಸ್ವರಾಜ್, ಒಬ್ಬರು ಬೃಂದಾ ಕಾರಟ್, ಇನ್ನೊಬ್ಬರು ನಜ್ಮಾ ಹೆಪ್ತುಲ್ಲಾ.

ಸುಷ್ಮಾ ಅವರ ಗುರುತು ನಮ್ಮ ಕಡೆ ಯಾರಿಗೆ ಇಲ್ಲ? 1999ರಲ್ಲಿ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ ಎದುರು ನಿಂತವರು, ಕನ್ನಡ ಕಲಿತು ಭಾಷಣ ಮಾಡಿದವರು. ಆ ಚುನಾವಣೆಯ ಕಥೆ ಈಗಲೂ ಕಟ್ಟೆಯ ಮೇಲೆ ಓಡುತ್ತದೆ. ಇಬ್ಬರು ಹೆಣ್ಣುಮಕ್ಕಳು ಎದುರುಬದುರು ನಿಂತಿದ್ದು ಎಲ್ಲರಿಗೂ ನೆನಪಿದೆ. ಅದೇ ಸುಷ್ಮಾ ಕಮ್ಯುನಿಸ್ಟ್ ಪಕ್ಷದ ಬೃಂದಾ ಜತೆ ಹೀಗೆ ನಿಂತಿದ್ದನ್ನು ನಾನು ಆವತ್ತೇ ನೋಡಿದ್ದು.

ಆ ಮಸೂದೆ 2010ರಲ್ಲಿ ಲೋಕಸಭೆಗೆ ಬರಲೇ ಇಲ್ಲ. 1996ರಲ್ಲಿ ದೇವೇಗೌಡರ ಸರ್ಕಾರ ಮೊದಲು ತಂದದ್ದು ಕೊನೆಗೆ ಪಾಸಾಗಿದ್ದು ಸೆಪ್ಟೆಂಬರ್ 2023ರಲ್ಲಿ, ನಮ್ಮ ತರಬೇತಿಗೆ ಒಂದು ತಿಂಗಳು ಮೊದಲು. ಅದೂ ಜನಗಣತಿ ಆಗಿ, ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಜಾರಿ. ಮೇಡಂ ನಮ್ಮನ್ನು ಕೇಳಿದರು, "ನಿಮ್ಮ ಪಂಚಾಯ್ತಿಯಲ್ಲಿ ಎಷ್ಟು ಮಂದಿ ಹೆಂಗಸರು?" ಅರ್ಧಕ್ಕೆ ಕಡಿಮೆ ಯಾರೂ ಹೇಳಲಿಲ್ಲ. ಕರ್ನಾಟಕದಲ್ಲಿ 2010ರಿಂದ ಪಂಚಾಯ್ತಿಗಳಲ್ಲಿ ಅರ್ಧ ಸೀಟು ನಮ್ಮದು. "ಕೊಪ್ಪಳ ಜಿಲ್ಲೆಯ ಐದು ಎಂಎಲ್ಎ ಸೀಟಿನಲ್ಲಿ?" ಒಂದೂ ಇಲ್ಲ. ರಾಯಚೂರಿನ ಏಳರಲ್ಲಿ ದೇವದುರ್ಗದ ಕರೆಮ್ಮ ನಾಯಕ ಒಬ್ಬರೇ. ಇಡೀ ರಾಜ್ಯದ 224ರಲ್ಲಿ 2023ರಲ್ಲಿ ಗೆದ್ದವರು 10.

ಆಮೇಲೆ ಅವರು ಪಾಕಿಸ್ತಾನದ ಹೆಸರು ತೆಗೆದರು. ಹಿಂದಿನ ಸಾಲಿನಲ್ಲಿ ಕುರ್ಚಿಗಳು ಕಿರ್ ಎಂದವು. ಅಲ್ಲಿನ ಸಂಸತ್ತಿನಲ್ಲಿ ಫಹ್ಮಿದಾ ಮಿರ್ಜಾ ಸ್ಪೀಕರ್ ಆಗಿದ್ದಾಗ, 2008ರಲ್ಲಿ, ಎಲ್ಲ ಪಕ್ಷದ ಮಹಿಳಾ ಸದಸ್ಯರು ಸೇರಿ ಒಂದು ಕೂಟ ಕಟ್ಟಿಕೊಂಡರಂತೆ. ಹೊರಗೆ ಪಕ್ಷದ ಜಗಳ ಇದ್ದದ್ದೇ. ಹೆಂಗಸರಿಗೆ ಸಂಬಂಧಪಟ್ಟ ಕಾನೂನು ಬಂದಾಗ ಮಾತ್ರ ಒಟ್ಟಿಗೆ ಕೂಡುವುದು. ಹೀಗೆ ದೇಶದೇಶಗಳ ನಡುವೆಯೂ ಕೂಟಗಳಿವೆ. ಕಾಮನ್‌ವೆಲ್ತ್ ದೇಶಗಳ ಮಹಿಳಾ ಸಂಸದರದ್ದು 1989ರಿಂದ ಇದೆ.

ಒಂದು ದೇಶದವರಿಗೆ ಇನ್ನೊಂದು ದೇಶದವರ ಹತ್ತಿರ ಏನು ಕೆಲಸ ಅಂತ ಯಾರೋ ಕೇಳಿದರು. ಅದಕ್ಕೆ ಮೇಡಂ ಮದುವೆಯ ವಯಸ್ಸಿನ ಉದಾಹರಣೆ ಕೊಟ್ಟರು. ನೇಪಾಳದಲ್ಲಿ ಗಂಡಿಗೂ ಹೆಣ್ಣಿಗೂ 20. ನಮ್ಮಲ್ಲಿ ಹೆಣ್ಣಿಗೆ 18, ಗಂಡಿಗೆ 21. ಬಾಂಗ್ಲಾದೇಶದಲ್ಲೂ ಹಾಗೇ, ಆದರೆ 2017ರ ಕಾನೂನಿನಲ್ಲಿ 'ವಿಶೇಷ ಸಂದರ್ಭ' ಅಂತ ಒಂದು ಕಿಂಡಿ ಬಿಟ್ಟಿದ್ದಾರೆ. ಪಾಕಿಸ್ತಾನದಲ್ಲಿ ಒಂದೊಂದು ಪ್ರಾಂತ್ಯಕ್ಕೆ ಒಂದೊಂದು. ಸಿಂಧ್ ಪ್ರಾಂತ್ಯ 2014ರಲ್ಲಿ 18 ಮಾಡಿತು. ಪಕ್ಕದ ಪಂಜಾಬ್‌ನಲ್ಲಿ ಆಗ ಹುಡುಗಿಗೆ 16 ಆಗಿದ್ದರೆ ಸಾಕಿತ್ತು. "ಹಂಗಾಗಿ ಸಿಂಧ್‌ನ ಹುಡುಗಿಯರನ್ನ ಪಂಜಾಬಿಗೆ ಕರ್ಕೊಂಡು ಹೋಗಿ ಮದುವೆ ಮಾಡ್ತಾರೆ" ಎಂದರು.

ನಾನು ಕೈ ಎತ್ತಿದೆ. ಏನು ಕೇಳಬೇಕು ಅಂತ ಗೊತ್ತಿರಲಿಲ್ಲ. "ನಮ್ಮಲ್ಲೂ ಹಂಗೇ ಐತ್ರಿ, ಹಳ್ಳ ದಾಟಿಸ್ತಾರ" ಅಂದು ಕೂತೆ.

ಮಧ್ಯಾಹ್ನ ಊಟದ ಸಾಲಿನಲ್ಲಿ ಅವರೇ ಹುಡುಕಿಕೊಂಡು ಬಂದರು. ಪಂಜಾಬ್‌ನಲ್ಲಿ ಆಗ ನಡೆಯುತ್ತಿದ್ದ ಆ ಕಾಯ್ದೆ ಬೇರೆ ಯಾವುದೂ ಅಲ್ಲ, ಬ್ರಿಟಿಷರ ಕಾಲದ 1929ರದ್ದು, ನಮ್ಮ ಹಿರಿಯರು ಸಾರ್ದಾ ಕಾಯ್ದೆ ಅನ್ನುತ್ತಿದ್ದದ್ದು ಎಂದರು. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅಲ್ಲಿನ ಶಾಸನಸಭೆಯ ಮೊದಲ ಮಹಿಳೆ ಮುತ್ತುಲಕ್ಷ್ಮಿ ರೆಡ್ಡಿ. ಹುಡುಗಿಯರ ಮದುವೆಯ ವಯಸ್ಸು ಏರಬೇಕು, ದೇವದಾಸಿ ಬಿಡುವುದು ನಿಲ್ಲಬೇಕು ಅಂತ ವಾದಿಸಿದವರು. ಅಂದರೆ ಆ ಕಾಯ್ದೆ ಬಳ್ಳಾರಿಗೆ ಅನ್ವಯಿಸುತ್ತಿತ್ತು. ತುಂಗಭದ್ರಾ ಹೊಳೆಯ ಈ ಕಡೆಯ ಕೊಪ್ಪಳ, ರಾಯಚೂರು ನಿಜಾಮರ ಸೀಮೆ. ಬ್ರಿಟಿಷರ ಕಾಯ್ದೆ ಇಲ್ಲಿ ನಡೆಯುತ್ತಿರಲಿಲ್ಲ.

ನನಗೆ ಅನ್ನ ಗಂಟಲಲ್ಲಿ ನಿಂತಿತು. ನಮ್ಮ ಅಜ್ಜಿಯ ತವರು ಹೊಸಪೇಟೆ ಕಡೆ. ಹತ್ತು ವರ್ಷಕ್ಕೆ ಮದುವೆ. "ನನ್ನ ಲಗ್ನ ಹುಲಿಗೆಮ್ಮನ ಸನ್ನಿಧಾನದಾಗ ಆತು, ತೆಪ್ಪದಾಗ ಕರ್ಕೊಂಡು ಬಂದ್ರು" ಅಂತ ಅಜ್ಜಿ ಹೆಮ್ಮೆಯಿಂದ ಹೇಳುತ್ತಿದ್ದಳು. ಹುಲಿಗಿ ಇರುವುದು ಹೊಳೆಯ ಈ ಕಡೆ. ಮನೆಯಲ್ಲಿ ಯಾರೋ ಹರಕೆ ಹೊತ್ತಿರಬೇಕು ಅಂತ ನಾವು ಅಂದುಕೊಂಡಿದ್ದೆವು. ಹರಕೆಯೂ ಇದ್ದಿರಬಹುದು. ಅಜ್ಜಿ ಈಗಿಲ್ಲ, ಕೇಳೋಣವೆಂದರೆ.

ಊರಿಗೆ ಬಂದವಳೇ ಕೆಲಸ ಶುರು ಮಾಡಿದೆ. ನಮ್ಮ ಕಡೆಯ ಮೂರು ಪಂಚಾಯ್ತಿ, ಲಿಂಗಸುಗೂರು ಕಡೆಯ ಎರಡು. ಐದರಲ್ಲಿ ಸೇರಿ 43 ಮಂದಿ ಹೆಂಗಸರು ಸದಸ್ಯರು. ಪಟ್ಟಿ ಸಿಗುವುದು ಕಷ್ಟವಾಗಲಿಲ್ಲ. ಫೋನ್ ಹಚ್ಚಿದಾಗ ಗೊತ್ತಾಯಿತು. 29 ಕಡೆ ಗಂಡಸರ ದನಿ.

"ಮೆಂಬರ್ ಅದಾರೇನ್ರಿ?"

"ನಾನ ಮೆಂಬರ, ಹೇಳ್ರಿ."

"ನೀವಲ್ರಿ ಅಣ್ಣಾರ, ಗೆದ್ದವರು."

"ನಾನ ಗೆದ್ದದ್ದು. ಆಕಿ ಹೆಸರು ಹಚ್ಚೀವಿ."

ಇಂಥ ಮಾತಿಗೆ ಸಿಟ್ಟಿಗೆದ್ದರೆ ಕೆಲಸ ಕೆಡುತ್ತದೆ. ನಾನು ಉಪಾಯ ಕಂಡುಕೊಂಡೆ. "ಮುದಗಲ್‌ನಾಗ ಮಹಿಳಾ ಸದಸ್ಯರದ ಮೀಟಿಂಗ್ ಐತಿ, ಹೆಂಗಸರ ಖುದ್ದು ಬರಬೇಕಂತ" ಎಂದು ಯಾರೋ ಮೇಲಿನವರು ಹೇಳಿದ ಹಾಗೆ ಹೇಳತೊಡಗಿದೆ. 'ಅಂತ' ಒಂದು ಸೇರಿಸಿದರೆ ಸಾಕು, ನಮ್ಮಲ್ಲಿ ಎಲ್ಲ ಬಾಗಿಲೂ ತೆಗೆಯುತ್ತದೆ. ಬಸ್ಸಿಗೆ ದುಡ್ಡು ಕೇಳುವ ಹಾಗಿರಲಿಲ್ಲ, ಅದೊಂದು ದೊಡ್ಡ ಅನುಕೂಲ. ಶಕ್ತಿ ಬರುವ ಮೊದಲಾಗಿದ್ದರೆ ಅರ್ಧ ಮಂದಿ ಗಂಡನ ಹತ್ತಿರ ಮೂವತ್ತು ರೂಪಾಯಿ ಕೇಳಲಾರದೆ ಮನೆಯಲ್ಲೇ ಕೂರುತ್ತಿದ್ದರು.

ಮೊದಲ ಸಭೆ ಒಬ್ಬ ಸದಸ್ಯೆಯ ಮನೆಯಲ್ಲಿ ಅಂತ ಗೊತ್ತು ಮಾಡಿದ್ದೆ. ಹಿಂದಿನ ದಿನ ಇನ್ನೊಬ್ಬ ಸದಸ್ಯೆಯ ಫೋನ್ ಬಂತು. "ಬರ್ತೀನ್ರಿ ಅಕ್ಕಾರ. ನಾ ಹೊರಗ ಕಟ್ಟಿ ಮ್ಯಾಲ ಕುಂದ್ರತೀನಿ, ಅಲ್ಲಿಂದನ ಕೇಳಸ್ತದಲ್ಲ." ದಲಿತ ಕೇರಿಯವರು. ಅವರು ದೂರು ಹೇಳುತ್ತಿರಲಿಲ್ಲ, ವ್ಯವಸ್ಥೆ ತಿಳಿಸುತ್ತಿದ್ದರು, ಅಷ್ಟೇ. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಹೊಳೆದಿರಲಿಲ್ಲ. ಜಾಗ ಬದಲಿಸಿದೆವು. ಮುದಗಲ್ ಕೋಟೆಯ ಬಾಗಿಲ ಹತ್ತಿರ, ಬೇವಿನ ನೆರಳಲ್ಲಿ ಎಲ್ಲರೂ ನೆಲದ ಮೇಲೆ ಕೂತೆವು. 43ರಲ್ಲಿ ಬಂದವರು 11. ಇಬ್ಬರ ಜತೆ ಗಂಡಂದಿರು ಬಂದಿದ್ದರು, ದೂರದಲ್ಲಿ ಬೈಕಿಗೆ ಒರಗಿ ನಿಂತಿದ್ದರು. ಅವರಿಗೂ ಒಗ್ಗರಣೆ ಮಂಡಕ್ಕಿ, ಮಿರ್ಚಿ ಕಳಿಸಿದೆವು.

ಎರಡು ತಾಸು ನಲ್ಲಿ ನೀರು, ಗೃಹಲಕ್ಷ್ಮಿ ದುಡ್ಡು ಬರದ್ದು, ಉದ್ಯೋಗ ಖಾತ್ರಿ ಕೂಲಿ ತಡವಾದದ್ದು, ಇವೇ ಮಾತು. ಮದುವೆಯ ವಿಷಯ ತೆಗೆದಾಗ ಎಲ್ಲರೂ ನೆಲ ನೋಡಿದರು. ಒಬ್ಬ ಹಿರಿಯಳು ಕೇಳಿಯೇಬಿಟ್ಟಳು, "ನಿನ್ನ ಲಗ್ನ ಯಾವಾಗ ಆತವ್ವ?"

1994ರಲ್ಲಿ. ನನಗೆ ಆಗ ಹದಿನಾರು. ಹೇಳಿದೆ.

"ಮತ್ತ ಏನಾತು ನಿನಗ? ಚಲೋನ ಅದಿ, ಅಧ್ಯಕ್ಷೆ ಆಗಿ."

ಈ ಪ್ರಶ್ನೆಗೆ ಭಾಷಣದಲ್ಲಿ ಕೊಡುವ ಉತ್ತರ ಬೇರೆ. ಅಲ್ಲಿ ಅದು ನಡೆಯುವುದಿಲ್ಲ. ನನ್ನ ಮೊದಲ ಕೂಸು ಹೋಗಿದ್ದನ್ನು ಹೇಳಿದೆ. ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ಹೇಳತೊಡಗಿದರು. ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ, ಅವರದ್ದು ಅವರಿಗಿರಲಿ.

ನಿಜವಾದ ವಿಷಯ ಬಿಚ್ಚಿಟ್ಟವಳು ತಾಂಡಾದ ಸದಸ್ಯೆ. ಅವರ ಕಡೆ ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೋ ಗೋವಾಕ್ಕೋ ಗುಳೆ ಹೋಗುತ್ತಾರೆ. ಗಂಡುಹುಡುಗನನ್ನು ಅಜ್ಜಿಯ ಹತ್ತಿರ ಬಿಡಬಹುದು. ವಯಸ್ಸಿಗೆ ಬಂದ ಹುಡುಗಿಯನ್ನು ಯಾರ ಹತ್ತಿರ ಬಿಡುವುದು? ಜತೆಗೆ ಕರೆದೊಯ್ದರೆ ತಗಡಿನ ಶೆಡ್ಡು. "ಲಗ್ನ ಮಾಡಿದ್ರ ಆಕಿ ಗಂಡನ ಮನಿಯಾಗ ಇರ್ತಾಳ, ನಾವು ನಿಶ್ಚಿಂತಿಂದ ಹೋಗ್ತೀವಿ. ನೀವು ಲಗ್ನ ಬ್ಯಾಡ ಅಂತೀರಿ, ಬಿಡೂ ಜಾಗಾ ತೋರಸ್ರಿ." ಇನ್ನೊಬ್ಬಳು ಬೀಜದ ಪ್ಲಾಟಿನ ಮಾತು ತೆಗೆದಳು. ನಮ್ಮ ತಾಲ್ಲೂಕಿನಲ್ಲಿ ಹೈಬ್ರಿಡ್ ಬೀಜ ಬೆಳೆಯುವುದು ಜೋರು. ಹೂವಿಗೆ ಹೂವು ತಾಗಿಸುವ ಕ್ರಾಸಿಂಗ್ ಕೆಲಸಕ್ಕೆ ಹುಡುಗಿಯರ ಸಣ್ಣ ಬೆರಳೇ ಬೇಕು ಅನ್ನುತ್ತಾರೆ. ಸೀಸನ್ನಿನಲ್ಲಿ ಹೋದ ಹುಡುಗಿ ಮತ್ತೆ ಶಾಲೆಗೆ ಬರುವುದಿಲ್ಲ. ಶಾಲೆ ಬಿಟ್ಟ ಹುಡುಗಿಗೆ ಮರುವರ್ಷವೇ ಗಂಡು ನೋಡುತ್ತಾರೆ.

ಹೀಗೆ ಮಾತಾಡುತ್ತ ನಾನು ಬರೆದುಕೊಂಡು ಹೋದ ಕಾಗದ ನಿಷ್ಪ್ರಯೋಜಕ ಅಂತ ಗೊತ್ತಾಯಿತು. ಅದರಲ್ಲಿ ನಿಲ್ಲಿಸುವುದೊಂದೇ ಇತ್ತು.

ಮುಂದಿನ ಎರಡು ತಿಂಗಳಲ್ಲಿ ಮೂರು ಸಲ ಕೂಡಿದೆವು. ಹನ್ನೊಂದು ಮಂದಿ ಹತ್ತೊಂಬತ್ತಾದರು. ಗ್ರಾಮ ಪಂಚಾಯ್ತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ, ಆದರೆ ಯಾರು ಯಾರ ಕಡೆ ಅಂತ ಹಾಲು ಕುಡಿಯುವ ಮಗುವಿಗೂ ಗೊತ್ತು. ಎಂಎಲ್ಎ ಹೆಸರು, ಎಂಪಿ ಹೆಸರು ಇಲ್ಲಿ ತೆಗೆಯಬಾರದು ಅಂತ ಮೊದಲೇ ಮಾತಾಯಿತು. ಒಂದು ಸಲ ತೆಗೆದರು, ಆವತ್ತಿನ ಸಭೆ ಅಲ್ಲಿಗೇ ಮುಗಿಯಿತು.

ಐದೂ ಪಂಚಾಯ್ತಿಯಲ್ಲಿ ಒಂದೇ ಠರಾವು, ಅಕ್ಷರ ಕೂಡ ಬದಲಾಗದೆ ಪಾಸಾಗಬೇಕು ಎಂಬುದು ನನ್ನ ಹಟ. ಪಿಡಿಒ ಮೊದಲು ಬರೆದುಕೊಟ್ಟದ್ದು ಹೀಗಿತ್ತು: 'ಬಾಲ್ಯವಿವಾಹ ನಿರ್ಮೂಲನೆಗೆ ಸೂಕ್ತ ಕ್ರಮ ಕೈಗೊಳ್ಳಲು ಸಭೆಯು ಸರ್ವಾನುಮತದಿಂದ ತೀರ್ಮಾನಿಸಿತು.' ತಾಂಡಾದ ಸದಸ್ಯೆ ಕೇಳಿದಳು, "ಸೂಕ್ತ ಅಂದ್ರ ಏನ್ರಿ?" ಯಾರಿಗೂ ಹೇಳಲು ಬರಲಿಲ್ಲ. ಹರಿದು ನಾವೇ ಬರೆದೆವು. ಹದಿನೈದು ದಿನ ಶಾಲೆಗೆ ಬರದ ಹುಡುಗಿಯ ಹೆಸರು ಮುಖ್ಯಶಿಕ್ಷಕರು ಪಂಚಾಯ್ತಿಗೆ ಕೊಡುವುದು. ಒಂದು ಊರಲ್ಲಿ ಮದುವೆ ನಿಂತರೆ ಅದೇ ದಿನ ಉಳಿದ ನಾಲ್ಕು ಪಂಚಾಯ್ತಿಗೆ ತಿಳಿಸುವುದು. ವಯಸ್ಸಿಗೆ ಆಧಾರ್ ಅಲ್ಲ, ಶಾಲೆಯ ದಾಖಲೆ ನೋಡುವುದು. ಸಮುದಾಯ ಭವನ, ಶಾಮಿಯಾನ, ಪಾತ್ರೆ ಕೊಡುವವರು ಆ ದಾಖಲೆ ಕೇಳಿಯೇ ಕೊಡುವುದು. ಗುಳೆ ಹೋಗುವ ಮನೆಯ ಹುಡುಗಿಯರಿಗೆ ಹಾಸ್ಟೆಲ್ ಅಥವಾ ಕಸ್ತೂರಬಾ ವಸತಿ ಶಾಲೆಯಲ್ಲಿ ಸೀಟು ಕೊಡಿಸಲು ಪಂಚಾಯ್ತಿಯೇ ಅರ್ಜಿ ಹಾಕುವುದು. ಕೊನೆಯದು ಬಸ್ಸು.

ಬಸ್ಸಿನ ವಿಷಯ ಸ್ವಲ್ಪ ಹೇಳಬೇಕು. ಬಸ್ಸು ಪುಕ್ಕಟೆ ಆಗಿತ್ತು, ಆದರೆ ಒಳಗಿನ ಊರುಗಳಿಗೆ ಬಸ್ಸೇ ಇರಲಿಲ್ಲ. ನಮ್ಮ ಕಡೆಯಿಂದ ಬೆಳಿಗ್ಗೆ ಬರುವ ಬಸ್ಸು ಹಳ್ಳದ ಈಚೆ ತಿರುಗುತ್ತಿತ್ತು, ಅವರ ಕಡೆಯದು ಆಚೆ ತಿರುಗುತ್ತಿತ್ತು. ನಡುವಿನ ನಾಲ್ಕು ಕಿಲೋಮೀಟರ್ ಯಾರ ಡಿಪೋದ್ದೂ ಅಲ್ಲ. ಆ ನಾಲ್ಕು ಕಿಲೋಮೀಟರ್‌ನಲ್ಲಿ ಮೂರು ಊರು. ಅಲ್ಲಿನ ಹುಡುಗಿಯರು ಏಳನೆಯದಕ್ಕೆ ಶಾಲೆ ಬಿಡುತ್ತಿದ್ದರು. ಇದನ್ನು ನಾವು ಒಂದೊಂದೇ ಪಂಚಾಯ್ತಿ ಎಷ್ಟೋ ಸಲ ಬರೆದಿದ್ದೆವು. ಎರಡು ಜಿಲ್ಲೆಯ ನಾಲ್ಕು ಪಂಚಾಯ್ತಿಯ ಠರಾವು ಒಂದೇ ಲಕೋಟೆಯಲ್ಲಿ ಹೋದ ಮೇಲೆ, ಜುಲೈ 2024ರಲ್ಲಿ, ಎಂಟೂವರೆಯ ಬಸ್ಸು ಹಳ್ಳ ದಾಟಿತು. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಜಾಸ್ತಿ ಮದುವೆ ತಡೆದದ್ದು ಈ ಬಸ್ಸೇ. ಆದರೆ ಅದನ್ನು ಲೆಕ್ಕ ತೋರಿಸಲು ಬರುವುದಿಲ್ಲ.

ಐದು ಎಂದೆ, ನಾಲ್ಕು ಎಂದೆ. ಐದನೆಯ ಪಂಚಾಯ್ತಿ ಆಗಲಿಲ್ಲ. ಅಲ್ಲಿನ ಅಧ್ಯಕ್ಷೆಯ ಮೈದುನನದ್ದು ಶಾಮಿಯಾನದ ಅಂಗಡಿ. "ಅದೊಂದು ಸಾಲು ತಗೀರಿ ಅಕ್ಕಾರ, ಉಳಿದದ್ದು ನಾಳೆನ ಪಾಸ್ ಮಾಡಸ್ತೀನಿ" ಎಂದಳು. ನಾನು ಒಪ್ಪಲಿಲ್ಲ. ಒಂದು ಕಡೆ ಕಿಂಡಿ ಬಿಟ್ಟರೆ ಎಲ್ಲ ಮದುವೆ ಅಲ್ಲಿಂದಲೇ ನುಗ್ಗುತ್ತವೆ ಅಂತ ನನ್ನ ವಾದ. ಅಷ್ಟರಲ್ಲಿ ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆಯ ನೀತಿ ಸಂಹಿತೆ ಬಂತು. ಠರಾವಿನ ಮಾತು ಅಲ್ಲಿಗೆ ನಿಂತಿತು. ಈಗ ಅನ್ನಿಸುತ್ತದೆ, ನನ್ನದೇ ತಪ್ಪು. ಶಾಮಿಯಾನ ಬಿಟ್ಟು ಉಳಿದದ್ದನ್ನು ತೆಗೆದುಕೊಳ್ಳಬೇಕಿತ್ತು. ಕೊನೆಗೆ ಆ ಪಂಚಾಯ್ತಿಗೆ ಕಿಂಡಿಯಲ್ಲ, ಬಾಗಿಲೇ ಇಲ್ಲದ ಹಾಗಾಯಿತು.

ದೊಡ್ಡ ಸಭೆಗಳಲ್ಲೂ ಇದೇ ಕಥೆ ಅಂತ ಆಮೇಲೆ ಓದಿದೆ. ಹುಡುಗಿಯರ ಮದುವೆ ವಯಸ್ಸು 21 ಮಾಡುವ ಮಸೂದೆಯನ್ನು 2021ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡಿಸಿ ಸ್ಥಾಯಿ ಸಮಿತಿಗೆ ಕಳಿಸಿದರು. ಆ ಸಮಿತಿಯಲ್ಲಿ ಆಗ 31 ಮಂದಿ. ಅದರಲ್ಲಿ ಹೆಣ್ಣುಮಗಳು ಸುಷ್ಮಿತಾ ದೇವ್ ಒಬ್ಬರೇ. ಮಸೂದೆ ಸರಿಯೋ ತಪ್ಪೋ ಬೇರೆ ಮಾತು. ನನಗೇನೂ 21 ಬೇಕು ಅನ್ನಿಸಿಲ್ಲ, 18 ಉಳಿದರೆ ಸಾಕಾಗಿದೆ. ಆದರೆ ಮೂವತ್ತು ಗಂಡಸರ ನಡುವೆ ಒಬ್ಬರೇ ಕೂತು ಹುಡುಗಿಯರ ಮದುವೆಯ ಮಾತಾಡುವುದು ಹೇಗಿರುತ್ತದೆ ಅಂತ ಪಂಚಾಯ್ತಿಯಲ್ಲಿ ಕೂತವರಿಗೆ ಗೊತ್ತು. 2024ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಆ ಮಸೂದೆಯೂ ಬಿದ್ದುಹೋಯಿತು.

ಮೇ 7, 2024. ನಮ್ಮ ಕಡೆ ಮತದಾನ. ಮೇ 10ಕ್ಕೆ ಬಸವ ಜಯಂತಿ, ಅಕ್ಷಯ ತೃತೀಯ. ಮುಹೂರ್ತ ನೋಡದೆ ಮದುವೆ ಮಾಡುವ ದಿನ. ಅಧಿಕಾರಿಗಳು, ಶಿಕ್ಷಕರು, ಪೊಲೀಸರು ಎಲ್ಲ ಚುನಾವಣೆಯ ಕೆಲಸದಿಂದ ಬೆಂಡಾಗಿ ಬಂದಿದ್ದರು. ಹಿಂದಿನ ದಿನ ನಾಲ್ಕನೆಯ ಪಂಚಾಯ್ತಿಯಲ್ಲಿ ಒಂದು ಮದುವೆ ನಿಂತಿತ್ತು. ಹುಡುಗಿಗೆ ಹದಿನಾರು. ಅಪ್ಪ ಮುಚ್ಚಳಿಕೆ ಬರೆದುಕೊಟ್ಟಿದ್ದ. ವಾಟ್ಸಾಪ್ ಗ್ರೂಪಿನಲ್ಲಿ ಸುದ್ದಿ ಬಿತ್ತು. ನಾನು ಹತ್ತಕ್ಕೇ ಮಲಗಿದೆ.

ರಾತ್ರಿ ಹನ್ನೊಂದೂವರೆಗೆ ಫೋನ್. ಐದನೆಯ ಪಂಚಾಯ್ತಿಯ ಸದಸ್ಯೆ, ಬಟ್ಟೆ ಹೊಲಿಯುವ ಅಕ್ಕ. ಅವಳ ಊರಲ್ಲಿ ಠರಾವೂ ಇಲ್ಲ, ಏನೂ ಇಲ್ಲ.

"ಅಕ್ಕಾರ, ಸಂಜಿಕ ಒಂದು ಕುಬಸ ಅರ್ಜೆಂಟ್ ಹೊಲಿಸ್ಕೊಂಡು ಹೋದ್ರು. ಮದುಮಗಳ್ದು ಅಂದ್ರು. ಅಳತಿ ನೋಡಿದ್ರ ಸಣ್ಣ ಹುಡುಗಿದು. ಗ್ರೂಪಿನಾಗ ಬಂದ ಹುಡುಗಿನ ಇರಬೇಕ್ರಿ."

ಕುಬಸದ ಅಳತೆ. ಆಧಾರ್ ತಿದ್ದಬಹುದು, ಅದನ್ನು ತಿದ್ದಲು ಬರುವುದಿಲ್ಲ. ನಾವು ಆರು ಸಾಲಿನ ಠರಾವಿನಲ್ಲಿ ಶಾಲೆ, ಶಾಮಿಯಾನ, ಪಾತ್ರೆ ಎಲ್ಲ ಬರೆದಿದ್ದೆವು. ಟೇಲರ್ ಯಾರಿಗೂ ನೆನಪಾಗಿರಲಿಲ್ಲ.

ಅವಳು ಮಕ್ಕಳ ಸಹಾಯವಾಣಿ 1098ಕ್ಕೆ ಮಾಡಿದಳು, ನಾನು ಪೊಲೀಸರ 112ಕ್ಕೆ ಮಾಡಿದೆ. ಎರಡು ಜಿಲ್ಲೆ ಆದ್ದರಿಂದ ನನ್ನ ಕರೆ ಎಲ್ಲೆಲ್ಲೋ ತಿರುಗಿತು. ಅವಳದ್ದು ಸರಿಯಾಗಿ ಹೋಯಿತು. ಬೆಳಗಿನ ಜಾವ ನಾಲ್ಕಕ್ಕೆ ಗುಡಿಯ ಮುಂದೆ ಜೀಪು ನಿಂತಾಗ ಇನ್ನೂ ಅರಿಶಿನ ಹಚ್ಚುತ್ತಿದ್ದರಂತೆ. ನಾನು ಮುಟ್ಟುವಷ್ಟರಲ್ಲಿ ಐದೂವರೆ. ಹುಡುಗಿ ಜೀಪಿನಲ್ಲಿ ಕೂತಿದ್ದಳು, ಆ ಹೊಸ ಕುಬಸ ತೊಟ್ಟು. ಟೇಲರ್ ಅಕ್ಕನ ಗಂಡ ಗುಡಿಯ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ. ಅವನಿಗೆ ಆ ಮನೆಯವರು ಬೀಗರ ಕಡೆಯವರು. ಆ ಬೀಗತನ ಇವತ್ತಿಗೂ ಮುರಿದೇ ಇದೆ. ಅವಳ ಅಂಗಡಿಗೆ ಆ ಓಣಿಯವರು ಬಟ್ಟೆ ಕೊಡುವುದಿಲ್ಲ.

ಹುಡುಗಿ ಕೆಲವು ದಿನ ಬಾಲಮಂದಿರದಲ್ಲಿದ್ದು ಮನೆಗೆ ಬಂದಳು. ಆಮೇಲೆ ಹಾಸ್ಟೆಲ್. ಹಾಸ್ಟೆಲ್ ಸೀಟಿಗೆ ನಾನು ಐದು ಸಲ ಓಡಾಡಿದೆ, ಆ ಓಡಾಟದ ಕಥೆ ಬೇಡ. ಎಲ್ಲವೂ ಹೀಗೇ ಆಗಲಿಲ್ಲ. ಅದೇ ವರ್ಷ ದೀಪಾವಳಿ ಕಳೆದು ತಾಂಡಾದ ಒಂದು ಕುಟುಂಬ ಗುಳೆ ಹೋಯಿತು. ಮರಳಿ ಬಂದಾಗ ಮಗಳ ಮದುವೆ ಆಗಿತ್ತು, ಬೆಂಗಳೂರಿನಲ್ಲಿ, ಕಟ್ಟಡ ಕಟ್ಟುವ ಜಾಗದಲ್ಲೇ. ನಮ್ಮ ಐದು ಪಂಚಾಯ್ತಿಯ ಬೇಲಿ ಹಾರಿ ನಾನೂರು ಕಿಲೋಮೀಟರ್ ಆಚೆ. ತಾಂಡಾದ ಸದಸ್ಯೆ ಗ್ರೂಪಿನಲ್ಲಿ ಏನೂ ಬರೆಯಲಿಲ್ಲ. ನನಗೆ ಒಬ್ಬಳಿಗೇ ಫೋನ್ ಮಾಡಿ, "ಹಾಸ್ಟೆಲ್ಲಿನ ಅರ್ಜಿ ತಡಾ ಆತ್ರಿ" ಎಂದಳು. ಅಷ್ಟೇ.

2025ರ ಮೇ ಕೊನೆಯಲ್ಲಿ ಆ ಧಾರವಾಡದ ಮೇಡಂ ಒಂದು ಸುದ್ದಿ ಕಳಿಸಿದರು. ಇಸ್ಲಾಮಾಬಾದಿನಲ್ಲೂ ಮದುವೆ ವಯಸ್ಸು 18 ಆಯಿತಂತೆ. ಮಸೂದೆಯನ್ನು ಕೆಳಮನೆಯಲ್ಲಿ ತಂದವರು ಶರ್ಮಿಳಾ ಫಾರೂಕಿ, ಮೇಲ್ಮನೆಯಲ್ಲಿ ಶೆರ್ರಿ ರೆಹಮಾನ್. ಇಬ್ಬರೂ ಹೆಂಗಸರು. ಶರ್ಮಿಳಾ ಹತ್ತು ವರ್ಷದ ಹಿಂದೆ ಸಿಂಧ್‌ನಲ್ಲಿ ಆ ಕಾನೂನು ತರಲು ದುಡಿದವರೇ. ಗ್ರೂಪಿಗೆ ಹಾಕಲೋ ಬೇಡವೋ ಅಂತ ಯೋಚಿಸಿದೆ. ಆಪರೇಷನ್ ಸಿಂಧೂರ ನಡೆದು ತಿಂಗಳೂ ಆಗಿರಲಿಲ್ಲ, ಪಾಕಿಸ್ತಾನದ ಹೆಸರು ಎತ್ತುವ ಹಾಗಿರಲಿಲ್ಲ. ಹಾಕಲಿಲ್ಲ. ಟೇಲರ್ ಅಕ್ಕನಿಗೆ ಮಾತ್ರ ಫೋನಿನಲ್ಲಿ ಓದಿ ಹೇಳಿದೆ. "ಅಲ್ಲೂ ಹಂಗನ ಅದಾರೇನ್ರಿ ಮಂದಿ?" ಎಂದಳು.

2025 ಮುಗಿಯುವಷ್ಟರಲ್ಲಿ ನಮ್ಮ ಅವಧಿಯೂ ಮುಗಿಯುತ್ತ ಬಂತು. ಮೀಸಲಾತಿ ತಿರುಗುತ್ತದೆ, ನನ್ನ ಸೀಟು ಮುಂದೆ ಯಾರಿಗೋ. ಠರಾವಿನ ಪ್ರತಿಗಳನ್ನು ಒಂದು ಫೈಲಿಗೆ ಹಾಕಿ ಪಂಚಾಯ್ತಿಯ ಕಪಾಟಿನಲ್ಲಿ ಇಟ್ಟಿದ್ದೇನೆ, ಇನ್ನೊಂದು ಪ್ರತಿ ಟೇಲರ್ ಅಕ್ಕನ ಮನೆಯಲ್ಲಿದೆ. ಗ್ರೂಪಿನಲ್ಲಿ 38 ನಂಬರ್ ಇವೆ. ಎರಡು ವರ್ಷದಲ್ಲಿ ಹದಿನಾರು ಮಂದಿ ಸ್ವಂತ ಫೋನ್ ತೆಗೆದುಕೊಂಡರು. ಗೃಹಲಕ್ಷ್ಮಿ ದುಡ್ಡಲ್ಲಿ ಅಂತ ಕೆಲವರು ಹೇಳಿದರು. ಉಳಿದವು ಇನ್ನೂ ಗಂಡಂದಿರ ಫೋನೇ.

ಮೊನ್ನೆ ರಾತ್ರಿ ಅಂಥ ಒಂದು ನಂಬರಿನಿಂದ ದನಿಯ ಮೆಸೇಜ್ ಬಂತು. ಗಂಡಸಿನ ದನಿ. "ಅಕ್ಕಾರ, ನಮ್ಮ ಮನಿಯವರು ಉಣ್ಣಾಕತ್ತಾರ, ಅದಕ ನಾನ ಹೇಳಾಕತ್ತೀನ್ರಿ. ಹನುಮಪ್ಪನ ಗುಡಿ ಮುಂದ ಪೆಂಡಾಲ್ ಹಾಕ್ಯಾರ. ಯಾರದಂತ ಯಾರೂ ಹೇಳವಲ್ರು." ಹಿಂದೆ ತಟ್ಟೆಯ ಸದ್ದು, ಒಬ್ಬ ಹೆಂಗಸಿನ ದನಿ: "ಹುಡುಗಿ ಸಾಲಿ ಯಾವ್ದು ಕೇಳ್ರಿ ಮೊದ್ಲ."